ರೆಕಾರ್ಡಿಂಗ್‌ನಲ್ಲಿ ಕೇಳಿಸದ ತೊಂದರೆ: ಮನೆಯಿಂದ ಕರೆ ತೆಗೆದುಕೊಳ್ಳುವ ಒಬ್ಬ ಏಜೆಂಟರ ಪ್ರಕರಣ

ಸಾಗರ ತಾಲ್ಲೂಕಿನ ಒಂದು ಹಳ್ಳಿ, ಜಂಬಿಟ್ಟಿಗೆ ಗೋಡೆಯ ಹಳೆಯ ಮನೆ. ಅಲ್ಲಿನ ಒಂದು ಕೋಣೆಯಲ್ಲಿ ಕೂತು ಫ್ರಿಜ್, ವಾಷಿಂಗ್ ಮಷೀನ್ ರಿಪೇರಿ ದೂರುಗಳ ಹೆಲ್ಪ್‌ಲೈನಿಗೆ ಕನ್ನಡದಲ್ಲಿ ಉತ್ತರಿಸುವ ಏಜೆಂಟ್ ಒಬ್ಬರು. ಶಿಫ್ಟ್ ಮಧ್ಯಾಹ್ನ 12ರಿಂದ ರಾತ್ರಿ 9. ಕಂಪನಿ ಕೊಟ್ಟ ಲ್ಯಾಪ್‌ಟಾಪ್, ಅದರಲ್ಲೇ ಸಾಫ್ಟ್‌ಫೋನ್ (ಫೋನಿನ ಕೆಲಸ ಮಾಡುವ ಸಾಫ್ಟ್‌ವೇರ್), ವಿಪಿಎನ್ ಅಂದರೆ ಇಂಟರ್ನೆಟ್ ಒಳಗಿನ ಕಂಪನಿಯ ಸುರಕ್ಷಿತ ಹಾದಿಯ ಮೂಲಕ ಬೆಂಗಳೂರಿನ ಸರ್ವರ್‌ಗೆ ಸಂಪರ್ಕ. ಬೇಸಿಗೆಯವರೆಗೂ ಅವರ ಅಂಕಿಗಳು ತಂಡದ ಸರಾಸರಿಗಿಂತ ಚೆನ್ನಾಗಿದ್ದವು. ಜೂನ್ ಕೊನೆಗೆ ಕುಸಿದವು. ಜುಲೈ ಎರಡನೇ ವಾರದಲ್ಲಿ ಟೀಮ್ ಲೀಡರ್ ಕಡೆಯಿಂದ ಪಿಐಪಿ (ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್) ಪತ್ರ ಬಂತು: ನಾಲ್ಕು ವಾರದಲ್ಲಿ ಸುಧಾರಿಸದಿದ್ದರೆ ಕೆಲಸ ಉಳಿಯುವುದಿಲ್ಲ.

ಇದು ಒಂದೇ ಮನೆಯ ಕಡತದಿಂದ ಎತ್ತಿಕೊಂಡದ್ದಲ್ಲ. ಮನೆಯಿಂದ ಕೆಲಸ ಮಾಡುವ ಏಜೆಂಟರಿಗೆ ಪದೇ ಪದೇ ಎದುರಾಗುವ ದೋಷಗಳನ್ನು ಒಂದೇ ಸೂರಿನಡಿ ಕೂಡಿಸಿ ಬರೆದ ಪ್ರಕರಣ. ಏಜೆಂಟರ ಅಂಕಿಗಳನ್ನೂ ಅಳತೆಗಳನ್ನೂ ಅದಕ್ಕೆ ಹೊಂದುವಂತೆ ಇಟ್ಟಿದ್ದೇವೆ. ದೋಷಗಳು, ಕಾರಣಗಳು, ಪರಿಹಾರಗಳು ಮಾತ್ರ ಇದ್ದದ್ದು ಇದ್ದಂತೆಯೇ.

ಅಂಕಿಗಳು ಹೇಳಿದ್ದೇನು

ಏಪ್ರಿಲ್‌ನಲ್ಲಿ ಅವರ ಎಎಚ್‌ಟಿ, ಅಂದರೆ ಒಂದು ಕರೆಗೆ ತಗಲುವ ಸರಾಸರಿ ಸಮಯ, 6 ನಿಮಿಷ 10 ಸೆಕೆಂಡ್. ಅದರಲ್ಲಿ ಮಾತು 4:50, ಹೋಲ್ಡ್ 0:30, ಕರೆ ಮುಗಿದ ಮೇಲೆ ದೂರು ನಮೂದಿಸುವ ವ್ರ್ಯಾಪ್ 0:50. ಜುಲೈ ಮೊದಲ ವಾರದಲ್ಲಿ ಒಟ್ಟು 8:35. ಮಾತು 6:55, ಹೋಲ್ಡ್ 0:45, ವ್ರ್ಯಾಪ್ 0:55. ಗ್ರಾಹಕರು ಕೊಡುವ ರೇಟಿಂಗ್ ಐದಕ್ಕೆ 4.4 ಇದ್ದದ್ದು 3.6ಕ್ಕೆ ಇಳಿದಿತ್ತು. ಕ್ವಾಲಿಟಿ ಪರಿಶೀಲಕರು ಐದು ಕರೆ ಕೇಳಿ ಮೂರರಲ್ಲಿ ಒಂದೇ ಷರಾ ಬರೆದಿದ್ದರು: ಗ್ರಾಹಕರು ಸ್ಪಷ್ಟವಾಗಿ ಹೇಳಿದ ಮಾಹಿತಿಯನ್ನು ಏಜೆಂಟ್ ಮತ್ತೆ ಮತ್ತೆ ಕೇಳುತ್ತಾರೆ, ಗಮನವಿಟ್ಟು ಆಲಿಸುತ್ತಿಲ್ಲ.

ಪಿಐಪಿ ಪತ್ರದಲ್ಲಿ ಒಟ್ಟು ಎಎಚ್‌ಟಿ ಮಾತ್ರ ಇತ್ತು, ಬಿಡಿಸಿ ನೋಡಿರಲಿಲ್ಲ. ನೋಡಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. ಕೆಲಸ ಮರೆತವರ, ಸಿಸ್ಟಂ ಗೊತ್ತಿಲ್ಲದವರ ಅಂಕಿಯಲ್ಲಿ ಮೊದಲು ಹಿಗ್ಗುವುದು ಹೋಲ್ಡ್ ಮತ್ತು ವ್ರ್ಯಾಪ್. ಉತ್ತರ ಹುಡುಕಲು ಹೋಲ್ಡ್ ಹಾಕುತ್ತಾರೆ, ಯಾವ ಕೋಡ್ ಹಾಕಬೇಕೆಂದು ವ್ರ್ಯಾಪ್‌ನಲ್ಲಿ ತಡಕಾಡುತ್ತಾರೆ. ಇಲ್ಲಿ ವ್ರ್ಯಾಪ್ ಹೆಚ್ಚಿದ್ದು ಐದು ಸೆಕೆಂಡ್, ಮಾತು ಹೆಚ್ಚಿದ್ದು ಎರಡು ನಿಮಿಷ ಐದು ಸೆಕೆಂಡ್. ಕೆಲಸ ಬಲ್ಲವರು ಮಾತಾಡಲು ಕಷ್ಟಪಡುತ್ತಿದ್ದರು ಎಂದೇ ಇದರ ಅರ್ಥ.

ಗಂಟೆವಾರು ಬಿಡಿಸಿದಾಗ ಇನ್ನೂ ಸ್ಪಷ್ಟವಾಯಿತು. ಮಧ್ಯಾಹ್ನ 12ರಿಂದ ಸಂಜೆ 5ರವರೆಗೆ ಎಎಚ್‌ಟಿ 6:50. ಸಂಜೆ 5ರಿಂದ 9ರವರೆಗೆ 10:20. ಆಲಿಸುವ ಸಾಮರ್ಥ್ಯ ಗಡಿಯಾರ ನೋಡಿಕೊಂಡು ಸಂಜೆ ಐದಕ್ಕೆ ಕೆಡುವುದಿಲ್ಲ.

ರೆಕಾರ್ಡಿಂಗ್ ಎಲ್ಲಿ ಆಗುತ್ತದೆ

ಪ್ರಕರಣದ ತಿರುಳು ಇಲ್ಲಿದೆ. ಕರೆ ರೆಕಾರ್ಡ್ ಆಗುವುದು ಏಜೆಂಟರ ಲ್ಯಾಪ್‌ಟಾಪಿನಲ್ಲಿ ಅಲ್ಲ, ಡೇಟಾ ಸೆಂಟರಿನಲ್ಲಿ. ಗ್ರಾಹಕರ ದನಿ ಮೊಬೈಲ್ ಜಾಲದಿಂದ ಸರ್ವರ್‌ಗೆ ಬರುತ್ತದೆ, ಅಲ್ಲಿ ರೆಕಾರ್ಡ್ ಆಗುತ್ತದೆ, ಆಮೇಲೆ ಇಂಟರ್ನೆಟ್ ಹಾದು ಹಳ್ಳಿಯ ಮನೆಗೆ ಹೋಗುತ್ತದೆ. ಆ ಕೊನೆಯ ಹಾದಿಯಲ್ಲಿ ದನಿ ಚೂರುಚೂರಾದರೂ ರೆಕಾರ್ಡಿಂಗ್‌ಗೆ ಅದರ ಸುಳಿವೇ ಇಲ್ಲ. ಕೇಳುವ ಪರಿಶೀಲಕರಿಗೆ ಗ್ರಾಹಕರ ಮಾತು ಗಾಜಿನಷ್ಟು ಸ್ಪಷ್ಟ. ಏಜೆಂಟರ ಕಿವಿಗೆ ಬಿದ್ದದ್ದು "ಮೇ... ಫ್ರಿ... ಕೂಲ್ ಆಗ್ತಾ..." ಅಷ್ಟೆ. ಅವರು "ಇನ್ನೊಮ್ಮೆ ಹೇಳ್ತೀರಾ ಸರ್" ಅನ್ನುತ್ತಾರೆ, ಪರಿಶೀಲಕರು ಅಂಕ ಕಳೆಯುತ್ತಾರೆ.

ಇದಕ್ಕೆ ಎದುರು ದಿಕ್ಕಿನ ದೋಷ ಮಾತ್ರ ರೆಕಾರ್ಡಿಂಗ್‌ನಲ್ಲಿ ಸಿಕ್ಕಿಬೀಳುತ್ತದೆ. ಏಜೆಂಟರ ದನಿ ಮನೆಯಿಂದ ಸರ್ವರ್‌ಗೆ ಬರುವಾಗ ಒಡೆದರೆ ಒಡೆದೇ ದಾಖಲಾಗುತ್ತದೆ. ಹೆಚ್ಚಿನ ವ್ಯವಸ್ಥೆಗಳು ಎರಡೂ ಕಡೆಯ ದನಿಯನ್ನು ಬೇರೆ ಬೇರೆ ಚಾನೆಲ್‌ನಲ್ಲಿ ಇಡುತ್ತವೆ. ಹೆಡ್‌ಫೋನಿನ ಒಂದು ಕಿವಿಯಲ್ಲಿ ಗ್ರಾಹಕರು, ಇನ್ನೊಂದರಲ್ಲಿ ಏಜೆಂಟ್. ಪಿಐಪಿಗೆ ಒಳಗಾದ ಯಾರೇ ಆಗಲಿ ಮೊದಲು ಕೇಳಬೇಕಾದದ್ದು ಸಂಜೆಯ ಹತ್ತು ಕರೆಗಳ ಈ ಎರಡು ಚಾನೆಲ್ ರೆಕಾರ್ಡಿಂಗ್. ಇಲ್ಲಿ ಹತ್ತರಲ್ಲಿ ಏಳು ಕರೆಗಳಲ್ಲಿ ಏಜೆಂಟರ ಚಾನೆಲ್ ನಡುನಡುವೆ ಕತ್ತರಿಸಿದಂತಿತ್ತು. ಗ್ರಾಹಕರು "ಹಲೋ, ಮೇಡಂ, ಕಟ್ ಕಟ್ ಆಗ್ತಿದೆ" ಎಂದು ಹೇಳಿದ್ದೂ ದಾಖಲಾಗಿತ್ತು. ಐದು ಕರೆ ಕೇಳಿದ ಪರಿಶೀಲಕರು ಎರಡೂ ಚಾನೆಲ್ ಸೇರಿಸಿದ ಪ್ರತಿಯನ್ನು ಕೇಳಿದ್ದರು.

ಆಲಿಸುವಿಕೆಯ ಅಂಕ ಕಳೆಯುವ ಮೊದಲು ಆ ಹೊತ್ತಿನ ಲೈನಿನ ದಾಖಲೆ ನೋಡಲೇಬೇಕು ಎಂಬ ನಿಯಮ ಪ್ರತಿ ಕ್ವಾಲಿಟಿ ಫಾರ್ಮಿನಲ್ಲೂ ಇರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಚೇರಿಯ ಫ್ಲೋರಿನಲ್ಲಿ ಎಲ್ಲರದೂ ಒಂದೇ ಲೈನ್, ಕೆಟ್ಟರೆ ಎಲ್ಲರದೂ ಕೆಡುತ್ತದೆ, ಆಗ ದೋಷ ಲೈನಿನದೆಂದು ತಾನಾಗಿಯೇ ಗೊತ್ತಾಗುತ್ತದೆ. ದೂರಸಂಪರ್ಕ ಇಲಾಖೆ 2020ರ ಮಾರ್ಚ್‌ನಲ್ಲಿ ಕಾಲ್ ಸೆಂಟರುಗಳಿಗೆ ಮನೆಯಿಂದ ಕೆಲಸದ ಷರತ್ತುಗಳನ್ನು ಸಡಿಲಿಸಿತು. ಅದೇ ವರ್ಷ ನವೆಂಬರ್ 5ರ ಹೊಸ ಮಾರ್ಗಸೂಚಿಯಲ್ಲಿ ಕಾಲ್ ಸೆಂಟರುಗಳ ನೋಂದಣಿಯ ಅಗತ್ಯವನ್ನೇ ತೆಗೆಯಿತು. 2021ರ ಜೂನ್‌ನಲ್ಲಿ ಇನ್ನಷ್ಟು ಬಿಗಿ ಕಳಚಿತು. ಇದರಿಂದಲೇ ಸಾಗರದ ಹಳ್ಳಿಯ ಹೆಣ್ಣುಮಗಳು ಬೆಂಗಳೂರಿನ ಪಿಜಿಗೆ ಹೋಗದೆ ದುಡಿಯುವಂತಾಯಿತು. ಆದರೆ ಅಳೆಯುವ ಫಾರ್ಮುಗಳು ಇನ್ನೂ ಫ್ಲೋರಿನ ಕಾಲದವೇ.

ಸ್ಪೀಡ್ ಟೆಸ್ಟ್ ಯಾಕೆ ಸಾಲದು

ಏಜೆಂಟ್ ಐಟಿ ಸಹಾಯವಾಣಿಗೆ ಎರಡು ಸಲ ಹೇಳಿದ್ದರು. ಸ್ಪೀಡ್ ಟೆಸ್ಟ್ ಮಾಡಿ ಎಂದರು, 28 ಎಂಬಿಪಿಎಸ್ ಬಂತು, ಎಲ್ಲ ಸರಿ ಇದೆ ಎಂದು ಟಿಕೆಟ್, ಅಂದರೆ ದೂರಿನ ದಾಖಲೆ, ಮುಚ್ಚಿದರು.

ಒಂದು ಕರೆಗೆ ಬೇಕಾದ ವೇಗ ತೀರಾ ಕಡಿಮೆ. ದನಿಯನ್ನು ಡಿಜಿಟಲ್ ಮಾಡಲು ಸಾಮಾನ್ಯವಾಗಿ ಬಳಸುವ ಜಿ.711 ಕೋಡೆಕ್‌ನಲ್ಲಿ ದನಿಗೆ 64 ಕೆಬಿಪಿಎಸ್, ವಿಳಾಸ ಮುಂತಾದ ಹೊದಿಕೆಯೆಲ್ಲ ಸೇರಿ ಒಂದು ದಿಕ್ಕಿಗೆ ಸುಮಾರು 87. ವಿಪಿಎನ್ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. 28 ಎಂಬಿಪಿಎಸ್ ಇದರ ಇನ್ನೂರು ಪಟ್ಟಿಗೂ ಮಿಗಿಲು. ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಒಂದೇ ಸಮನಾದ ಹರಿವು. ಮಾತು ಸೆಕೆಂಡಿಗೆ 50 ಪ್ಯಾಕೆಟ್ ಅಂದರೆ ಸಣ್ಣ ತುಂಡುಗಳಾಗಿ ಹೋಗುತ್ತದೆ, ಒಂದೊಂದರಲ್ಲಿ 20 ಮಿಲಿಸೆಕೆಂಡ್ ದನಿ. ಹತ್ತು ಪ್ಯಾಕೆಟ್ ತಡವಾಗಿ ಒಟ್ಟಿಗೆ ಬಂದರೆ ಸಾಫ್ಟ್‌ಫೋನ್ ಕಾಯುವುದಿಲ್ಲ, ಹೊತ್ತು ಮೀರಿದ್ದನ್ನು ಎಸೆದುಬಿಡುತ್ತದೆ. ವಿಡಿಯೊ ನೋಡುವಾಗ ಇದು ತಿಳಿಯುವುದೇ ಇಲ್ಲ. ಅಲ್ಲಿ ಹತ್ತಾರು ಸೆಕೆಂಡಿನ ದಾಸ್ತಾನು ಮೊದಲೇ ಬಂದು ಕೂತಿರುತ್ತದೆ.

ಇಟ್ಟುಕೊಳ್ಳಬೇಕಾದ ಮಿತಿಗಳು ಮೂರು. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗೆ, ಏರಿಳಿತ ಅಂದರೆ ಜಿಟರ್ 30 ಮಿಲಿಸೆಕೆಂಡ್ ಒಳಗೆ, ಪ್ಯಾಕೆಟ್ ನಷ್ಟ ಶೇ 1ರ ಒಳಗೆ.

ಪರೀಕ್ಷೆಯ ಕ್ರಮ ಹೀಗಿತ್ತು. ಸೆಕೆಂಡಿಗೊಂದರಂತೆ 600 ಪಿಂಗ್ (ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬಂತೆಂದು ನೋಡುವುದು), ಅಂದರೆ ಹತ್ತು ನಿಮಿಷ. ಮೊದಲು ಮನೆಯ ರೌಟರ್‌ಗೆ, ಇಲ್ಲಿ ಅದರ ವಿಳಾಸ 192.168.1.1. ಆಮೇಲೆ ಹೊರಗಿನ 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್. ಕೊನೆಗೆ ಕಂಪನಿಯ ವಿಪಿಎನ್ ಗೇಟ್‌ವೇಗೆ, ಅಂದರೆ ಆ ಹಾದಿಯ ಕಂಪನಿ ಕಡೆಯ ಬಾಗಿಲಿಗೆ. ಈ ಅನುಕ್ರಮವನ್ನು ತಪ್ಪಿಸಬಾರದು. ರೌಟರ್‌ಗೆ ಹೋಗುವ ಹತ್ತು ಮೀಟರಿನಲ್ಲೇ ಪ್ಯಾಕೆಟ್ ಕಳೆದುಹೋಗುತ್ತಿದ್ದರೆ ಬ್ರಾಡ್‌ಬ್ಯಾಂಡ್‌ನವರನ್ನು ಬೈದು ಪ್ರಯೋಜನವಿಲ್ಲ. ಮಧ್ಯಾಹ್ನ 2ಕ್ಕೆ ಒಮ್ಮೆ, ಸಂಜೆ 6:30ಕ್ಕೆ ಒಮ್ಮೆ, ಮೂರು ದಿನ. ಕಂಪನಿ ಲ್ಯಾಪ್‌ಟಾಪಿನಲ್ಲಿ ಪಿಂಗ್ ಮುಚ್ಚಿದ್ದರೆ ಮೊಬೈಲಿನಲ್ಲಿ ಪಿಂಗ್ ಆ್ಯಪ್ ಹಾಕಿ ಅದೇ ಮೇಜಿನ ಮೇಲಿಟ್ಟು, ಶಿಫ್ಟ್ ಇಲ್ಲದ ದಿನ ಇದೇ ಹೊತ್ತಿಗೆ ಮಾಡಬಹುದು. ಶಿಫ್ಟಿನಲ್ಲಿ ಮೇಜಿನ ಮೇಲೆ ಮೊಬೈಲ್ ಇಡುವಂತಿಲ್ಲ ಎಂಬ ನಿಯಮ ಕಾಲ್ ಸೆಂಟರಿನ ಬಹುತೇಕ ಪ್ರೊಸೆಸ್‌ಗಳಲ್ಲಿ, ಅಂದರೆ ಒಂದೊಂದು ಗ್ರಾಹಕ ಕಂಪನಿಯ ಕೆಲಸದಲ್ಲಿ, ಇದೆ.

ರೌಟರ್‌ಗೆ ಪಿಂಗ್: ಸರಾಸರಿ 9 ಮಿಲಿಸೆಕೆಂಡ್, ಗರಿಷ್ಠ 280, ನಷ್ಟ ಶೇ 2. ಹಾಲಿನಲ್ಲಿ ರೌಟರ್ ಪಕ್ಕವೇ ಕೂತಾಗ 2ರಿಂದ 4, ನಷ್ಟ ಸೊನ್ನೆ.

ಮೊದಲ ಕಾರಣ: ಗೋಡೆ

ಜಂಬಿಟ್ಟಿಗೆ ಗೋಡೆ ಒಂದೂವರೆ ಅಡಿ ದಪ್ಪ, ಮಳೆಗಾಲದಲ್ಲಿ ನೀರು ಹೀರಿಕೊಂಡಿರುತ್ತದೆ. ಒದ್ದೆ ಗೋಡೆ ವೈಫೈ ಸಂಕೇತವನ್ನು ಒಣಗೋಡೆಗಿಂತ ಹೆಚ್ಚು ನುಂಗುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆದದ್ದು ಜೂನ್‌ನಲ್ಲಿ ಕೆಟ್ಟದ್ದಕ್ಕೆ ಇದೂ ಒಂದು ಕಾರಣ. 5 ಗಿಗಾಹರ್ಟ್ಸ್ ಬ್ಯಾಂಡ್ ಇಂಥ ಎರಡು ಗೋಡೆ ದಾಟುವುದಿಲ್ಲ. 2.4 ದಾಟುತ್ತದೆ, ಆದರೆ ಕ್ಷೀಣವಾಗಿ, ಮರುಪ್ರಸಾರಗಳೊಂದಿಗೆ. ಚಾನೆಲ್ ಬದಲಿಸುವುದು (1, 6, 11ರಲ್ಲಿ ಒಂದು) ಅಕ್ಕಪಕ್ಕದಲ್ಲಿ ಹತ್ತು ವೈಫೈ ಇರುವ ಅಪಾರ್ಟ್‌ಮೆಂಟಿಗೆ ಸರಿ, ಒಂಟಿ ಮನೆಗೆ ಅದರಿಂದ ಉಪಯೋಗ ಕಡಿಮೆ. ರೇಂಜ್ ಎಕ್ಸ್‌ಟೆಂಡರ್ ಕೊಳ್ಳುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ದನಿಯ ಕೆಲಸಕ್ಕೆ ಅದು ಬೇಡ, ವೈಫೈ ಮೇಲೆ ಇನ್ನೊಂದು ವೈಫೈ ಹಾದಿ ಸೇರಿ ಏರಿಳಿತ ಹೆಚ್ಚುತ್ತದೆ.

ಪರಿಹಾರ ಲ್ಯಾನ್ ಕೇಬಲ್. 20 ಮೀಟರ್ ಕ್ಯಾಟ್ 6, ಎರಡೂ ತುದಿಗೆ ಕಾರ್ಖಾನೆಯಲ್ಲೇ ಕನೆಕ್ಟರ್ ಹಾಕಿದ್ದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ, ಬಾಗಿದಲ್ಲಿ ಬೇಗ ಮುರಿಯುತ್ತದೆ. ಪೂರ್ತಿ ತಾಮ್ರದ್ದೇ ಬೇಕೆಂದು ಕೇಳಿ ಪಡೆಯಬೇಕು. ಹಾಲಿನಿಂದ ಅಟ್ಟದ ಮೇಲೆ ಹಾಯಿಸಿ ಕೋಣೆಗೆ ಇಳಿಸಿದ್ದು. ಅಟ್ಟದಲ್ಲಿ ಇಲಿ ಇದ್ದೇ ಇರುತ್ತದೆ, ಬರೀ ಕೇಬಲ್ ಹಾಯಿಸಿದರೆ ತಿಂಗಳೊಳಗೆ ಕಡಿಯುತ್ತದೆ. ಹಾಗಾಗಿ ಪಿವಿಸಿ ಪೈಪಿನೊಳಗೆ. 20 ಎಂಎಂ ಪೈಪಿನ ಬೆಂಡುಗಳಲ್ಲಿ ಕನೆಕ್ಟರ್ ಸಿಕ್ಕಿಕೊಳ್ಳುವುದರಿಂದ 25 ಎಂಎಂ, ಹತ್ತಡಿಯ ಏಳು ಪೈಪ್. ಕರೆಂಟಿನ ವೈರಿನಿಂದ ಒಂದಡಿ ದೂರ, ಅಡ್ಡ ಬಂದಲ್ಲಿ ನೇರ ಕೋನದಲ್ಲಿ ದಾಟಿಸುವುದು.

ಇಲ್ಲೊಂದು ತೊಡಕು ಎದುರಾಯಿತು. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇರಲಿಲ್ಲ. ಯುಎಸ್‌ಬಿಯಿಂದ ಲ್ಯಾನ್‌ಗೆ ಅಡಾಪ್ಟರ್ ಬೇಕು, ಆದರೆ ಗ್ರಾಹಕರ ಮಾಹಿತಿ ಹೊರಹೋಗದಂತೆ ಕಂಪನಿ ಯುಎಸ್‌ಬಿಯನ್ನು ಬೀಗ ಹಾಕಿತ್ತು. ಹೆಡ್‌ಸೆಟ್ ಬಿಟ್ಟು ಬೇರೇನೂ ಒಪ್ಪುತ್ತಿರಲಿಲ್ಲ. ಐಟಿಯವರು ಆ ಅಡಾಪ್ಟರ್ ಮಾದರಿಯನ್ನು ಅನುಮತಿ ಪಟ್ಟಿಗೆ ಸೇರಿಸಬೇಕು. ಕೊಳ್ಳುವ ಮೊದಲೇ ಯಾವ ಮಾದರಿ ಒಪ್ಪುತ್ತೀರಿ ಎಂದು ಟಿಕೆಟ್‌ನಲ್ಲಿ ಬರೆದು ಕೇಳಿದರೆ ದುಡ್ಡು ಉಳಿಯುತ್ತದೆ. ಇಲ್ಲಿ ಅನುಮತಿಗೆ ನಾಲ್ಕು ದಿನ ಹಿಡಿಯಿತು.

ಕೇಬಲ್ ಹಾಕಿದ ಮೇಲೆ ರೌಟರ್‌ಗೆ ಪಿಂಗ್ 1 ಮಿಲಿಸೆಕೆಂಡಿಗಿಂತ ಕಡಿಮೆ, ನಷ್ಟ ಸೊನ್ನೆ. ಗೇಟ್‌ವೇಗೆ ಮಧ್ಯಾಹ್ನ 14. ಸಂಜೆ ಮಾತ್ರ ಇನ್ನೂ 300 ದಾಟುತ್ತಿತ್ತು.

ಎರಡನೆಯದು: ಸಂಜೆಯ ಫೋನುಗಳು

ಮನೆಯವರೆಲ್ಲ ಟಿವಿಯನ್ನು ದೂರಿದರು, ಸಂಜೆ ಟಿವಿ ಬಂದ್ ಮಾಡಿ ನೋಡಿದರು. ಬದಲಾಗಲಿಲ್ಲ. ಟಿವಿ ಎಳೆಯುವುದು ಡೌನ್‌ಲೋಡ್, ಒಡೆಯುತ್ತಿದ್ದದ್ದು ಮನೆಯಿಂದ ಹೊರಹೋಗುವ ದನಿ.

ಸಂಜೆ ಐದಕ್ಕೆ ಕಾಲೇಜಿನಿಂದ, ಕೆಲಸದಿಂದ ಬಂದವರ ಮೂರು ಫೋನುಗಳು ವೈಫೈಗೆ ಸೇರುತ್ತಿದ್ದವು. ಹಗಲಲ್ಲಿ ತೆಗೆದ ಫೋಟೊ, ವಿಡಿಯೊಗಳನ್ನು ಯಾರೂ ಹೇಳದೆಯೇ ಕ್ಲೌಡ್‌ಗೆ ಏರಿಸತೊಡಗುತ್ತಿದ್ದವು. ಪ್ಲಾನ್ 30 ಎಂಬಿಪಿಎಸ್ ಎಂದಿದ್ದರೂ ಅಪ್‌ಲೋಡ್ 10ಕ್ಕೆ ಸೀಮಿತ. ಅದು ತುಂಬಿದಾಗ ಮೋಡೆಮ್ ಪ್ಯಾಕೆಟ್‌ಗಳನ್ನು ಎಸೆಯುವುದಿಲ್ಲ, ಉದ್ದನೆಯ ಸಾಲಿನಲ್ಲಿ ನಿಲ್ಲಿಸುತ್ತದೆ. ದನಿಯ ಸಣ್ಣ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ಕಾಯುತ್ತದೆ. ಪರೀಕ್ಷಿಸುವುದು ಸುಲಭ: ಗೇಟ್‌ವೇಗೆ ಪಿಂಗ್ ಓಡುತ್ತಿರುವಾಗ ಇನ್ನೊಂದು ಫೋನಿನಿಂದ ಎರಡು ನಿಮಿಷದ ವಿಡಿಯೊ ಅಪ್‌ಲೋಡ್ ಮಾಡಿ. 14 ಇದ್ದದ್ದು 300ಕ್ಕೆ ಹಾರಿ, ಅಪ್‌ಲೋಡ್ ಮುಗಿದೊಡನೆ ಇಳಿದರೆ ಕಾರಣ ಇದೇ.

ಆಪರೇಟರ್ ಕೊಡುವ ಫೈಬರ್ ಮೋಡೆಮ್‌ಗಳಲ್ಲಿ ದನಿಗೆ ಆದ್ಯತೆ ಕೊಡುವ ಸೆಟ್ಟಿಂಗ್ ಇದ್ದರೂ ಎಷ್ಟೋ ಸಲ ಕೆಲಸ ಮಾಡುವುದಿಲ್ಲ. ವಿಪಿಎನ್ ಒಳಗೆ ಹೋಗುವ ದನಿಯನ್ನು ಅದು ದನಿಯೆಂದು ಗುರುತಿಸುವುದೂ ಇಲ್ಲ. ಮೂರು ಫೋನಿನಲ್ಲೂ ಆಟೊ ಬ್ಯಾಕಪ್ ನಿಲ್ಲಿಸಿ ರಾತ್ರಿ 9ರ ನಂತರ ಕೈಯಾರೆ ಮಾಡುವುದೆಂದು ಮನೆಯಲ್ಲಿ ಒಪ್ಪಿಕೊಂಡರು. ಖರ್ಚಿಲ್ಲದ ಈ ಒಂದು ಬದಲಾವಣೆಯಿಂದ ಆದಷ್ಟು ಲಾಭ ಬೇರೆ ಯಾವುದರಿಂದಲೂ ಆಗಲಿಲ್ಲ. ನೆಂಟರು ಬಂದಾಗ ಅವರ ಫೋನಿಗೆ ವೈಫೈ ಪಾಸ್‌ವರ್ಡ್ ಕೊಡುವ ಮುನ್ನ ಇದನ್ನು ಹೇಳಬೇಕಾಗುತ್ತದೆ, ಅದಕ್ಕೆ ಸಂಕೋಚ ಬೇಡ.

ಐಟಿಯವರ ಕಡೆಯ ಒಂದು ದೋಷವೂ ಈ ಹಂತದಲ್ಲಿ ಹೊರಬಂತು. ಪ್ಯಾಕೆಟ್ ಕಳಿಸಲು ಎರಡು ವಿಧಾನಗಳಿವೆ, ಕಳೆದದ್ದಕ್ಕೆ ಕಾಯದ ಯುಡಿಪಿ ಮತ್ತು ಕಾಯುವ ಟಿಸಿಪಿ. ವಿಪಿಎನ್ ಯುಡಿಪಿಯಲ್ಲಿ ಓಡಬೇಕಾದದ್ದು ಟಿಸಿಪಿಗೆ ಬಿದ್ದಿತ್ತು. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವವರೆಗೆ ಅದರ ಹಿಂದೆ ಬರುತ್ತಿರುವುದೆಲ್ಲ ನಿಲ್ಲುತ್ತದೆ, ಅರ್ಧ ಸೆಕೆಂಡ್ ಮೌನ, ಆಮೇಲೆ ಗುಂಪಾಗಿ ದನಿ. ವಿಪಿಎನ್ ಕಿಟಕಿಯ ವಿವರದಲ್ಲಿ ಪ್ರೊಟೊಕಾಲ್ ಯಾವುದೆಂದು ಬರೆದಿರುತ್ತದೆ, ಅದರ ಸ್ಕ್ರೀನ್‌ಶಾಟ್ ಟಿಕೆಟ್‌ಗೆ ಲಗತ್ತಿಸಿದರೆ ಸಾಕು. ಸರಿಪಡಿಸುವುದು ಏಜೆಂಟರ ಕೈಯಲ್ಲಿಲ್ಲ.

ಮೂರನೆಯದು: ಕರೆಂಟ್

ಮಲೆನಾಡಿನ ಮಳೆಗಾಲದಲ್ಲಿ ಮರದ ಕೊಂಬೆ ಲೈನಿನ ಮೇಲೆ ಬೀಳದ ವಾರವಿಲ್ಲ. ಮೆಸ್ಕಾಂ ಲೈನ್‌ಮನ್‌ಗಳು ಎಷ್ಟು ಓಡಾಡಿದರೂ ಸಂಜೆಗೆ ನಾಲ್ಕೈದು ಸಲ ಕರೆಂಟ್ ಹೋಗಿ ಬರುತ್ತದೆ. ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇತ್ತು, ಲ್ಯಾಪ್‌ಟಾಪಿಗೆ ಸ್ವಂತ ಬ್ಯಾಟರಿ ಇತ್ತು. ಆದರೂ ಪ್ರತಿ ಸಲ ಕರೆ ಕಡಿಯುತ್ತಿತ್ತು.

ಇನ್ವರ್ಟರ್ ಹಿಂಭಾಗದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೊ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನು, ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಫೈಬರ್ ಮೋಡೆಮ್ ಮಾತ್ರ ಅಷ್ಟರಲ್ಲಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಮೋಡೆಮ್ ಎದ್ದು ಲೈನ್ ಹಿಡಿಯಲು ಎರಡು ಮೂರು ನಿಮಿಷ, ವಿಪಿಎನ್ ಲಾಗಿನ್, ಒಟಿಪಿ, ಸಾಫ್ಟ್‌ಫೋನ್ ಸೇರಿ ಏಳೆಂಟು ನಿಮಿಷ. ಸಂಜೆಗೆ ಐದು ಸಲ ಆದರೆ ಮುಕ್ಕಾಲು ಗಂಟೆ ಹತ್ತಿರ ಹತ್ತಿರ ಹೋಯಿತು.

ಯುಪಿಎಸ್ ಮೋಡ್‌ಗೆ ಹಾಕಿದರೆ ಮುಗಿಯಿತಲ್ಲ ಅನ್ನಿಸಬಹುದು. ಆ ಮೋಡ್‌ನಲ್ಲಿ ಇನ್ವರ್ಟರ್ ಒಪ್ಪುವ ವೋಲ್ಟೇಜ್ ವ್ಯಾಪ್ತಿ ಕಿರಿದು, ಸಾಮಾನ್ಯವಾಗಿ 180ರಿಂದ 260. ಹಳ್ಳಿಯ ಲೈನ್ ಕೊನೆಯಲ್ಲಿ ಸಂಜೆ ಪಂಪ್‌ಸೆಟ್ ಶುರುವಾದಾಗ 170ಕ್ಕೆ ಇಳಿಯುವುದುಂಟು. ಆಗ ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಜಿಗಿಯುತ್ತದೆ, ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿ ಬರಿದು. ಆದ್ದರಿಂದ ಇನ್ವರ್ಟರನ್ನು ಅದರ ಪಾಡಿಗೆ ಬಿಟ್ಟು, ಮೋಡೆಮ್‌ಗೆ ಮಾತ್ರ 12 ವೋಲ್ಟಿನ ಮಿನಿ ಯುಪಿಎಸ್ ಹಾಕುವುದು ಸರಿ.

ಕೊಳ್ಳುವ ಮುನ್ನ ಮೋಡೆಮ್ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. 12 ವೋಲ್ಟ್, 1 ಅಥವಾ 1.5 ಆಂಪಿಯರ್ ಇರುವುದು ಹೆಚ್ಚು, ಬೇರೆಯೂ ಇರುತ್ತವೆ. ಪಿನ್ನಿನ ಗಾತ್ರ, ಧನ ಋಣದ ಗುರುತು ಹೊಂದಬೇಕು. ಡಬ್ಬಿಯ ಮೇಲೆ ಬರೆದ ಎಂಎಎಚ್ ನೋಡಿ ಮರುಳಾಗಬಾರದು, ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 8,800 ಎಂಎಎಚ್ ಅಂದರೆ 3.7ರಿಂದ ಗುಣಿಸಿ ಸುಮಾರು 32.5 ವ್ಯಾಟ್‌ಅವರ್, ಪರಿವರ್ತನೆಯಲ್ಲಿ ಹೋಗುವುದನ್ನು ಕಳೆದರೆ 27. ಮೋಡೆಮ್ 9 ವ್ಯಾಟ್ ಎಳೆದರೆ ಮೂರು ಗಂಟೆ.

ಇದಿಷ್ಟರಿಂದಲೂ ಪ್ರಯೋಜನವಾಗದ ಒಂದು ಸಂದರ್ಭ ಇದೆ. ಹಳ್ಳಿಗೆ ಫೈಬರ್ ಕೊಡುವ ಸ್ಥಳೀಯ ಆಪರೇಟರಿನ ಪೆಟ್ಟಿಗೆಗೂ ಬ್ಯಾಕಪ್ ಇರಬೇಕು. ಅದಿಲ್ಲದಿದ್ದರೆ ಮನೆಯ ಮೋಡೆಮ್‌ನ ದೀಪ ಉರಿಯುತ್ತಲೇ ಇರುತ್ತದೆ, ಲೈನ್ ಮಾತ್ರ ಇರುವುದಿಲ್ಲ. ಕರೆಂಟ್ ಹೋದಾಗ ನಿಮ್ಮ ಕಡೆ ಎಷ್ಟು ಗಂಟೆ ನಡೆಯುತ್ತದೆ ಎಂದು ಕನೆಕ್ಷನ್ ತೆಗೆದುಕೊಳ್ಳುವ ದಿನವೇ ಕೇಳಬೇಕು.

ಕರೆಂಟ್ ಕಡಿತದ ಇನ್ನೊಂದು ಪೆಟ್ಟು ಏಜೆಂಟರಿಗೆ ಗೊತ್ತೇ ಆಗದೆ ಬೀಳುತ್ತಿತ್ತು. ಲೈನ್ ಸತ್ತರೂ ಸರ್ವರ್ ಕೆಲಹೊತ್ತು ಸಾಫ್ಟ್‌ಫೋನ್ ಜೀವಂತವಿದೆ, ಏಜೆಂಟ್ ರೆಡಿ ಇದ್ದಾರೆ ಎಂದೇ ತಿಳಿದಿರುತ್ತದೆ. ಕ್ಯೂನಲ್ಲಿದ್ದ ಗ್ರಾಹಕರನ್ನು ಸತ್ತ ಫೋನಿಗೆ ಕಳಿಸುತ್ತದೆ, ಅದು ರಿಂಗಾಗಿ ಮತ್ತೆ ಕ್ಯೂಗೆ ಮರಳುತ್ತದೆ. ಏಜೆಂಟರ ಹೆಸರಿನಲ್ಲಿ ಕರೆ ತೆಗೆಯಲಿಲ್ಲ ಎಂದು ದಾಖಲು. ಶೇ 80 ಕರೆಗಳನ್ನು 20 ಸೆಕೆಂಡಿನಲ್ಲಿ ಎತ್ತಬೇಕೆಂಬ ಗುರಿ ಇರುವ ಕಡೆ ರೋಸ್ಟರ್ ನೋಡುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಉಪಾಯ ಎರಡು. ಒಂದು ಕರೆ ತೆಗೆಯದಿದ್ದರೆ ತಾನಾಗಿಯೇ ನಾಟ್ ರೆಡಿಗೆ, ಅಂದರೆ ಕರೆ ಬಾರದ ಸ್ಥಿತಿಗೆ, ಬೀಳುವಂತೆ ಸರ್ವರ್‌ನಲ್ಲಿ ಹೊಂದಿಸುವುದು, ಇದು ಕಂಪನಿಯ ಕೆಲಸ. ಮೋಡ ಕಟ್ಟಿ ಗುಡುಗು ಶುರುವಾದಾಗ ಕರೆ ಮುಗಿದೊಡನೆ ರೆಡಿಗೆ ಹೋಗುವ ಮುನ್ನ ಮೋಡೆಮ್ ದೀಪ ನೋಡುವುದು, ಇದು ಏಜೆಂಟರದು.

ಮಿಕ್ಕ ಸಣ್ಣವು

ಹೆಡ್‌ಸೆಟ್‌ನಲ್ಲಿ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಮೂರು ಪಿನ್ನಿನ ಚಾರ್ಜರ್‌ಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದರು, ಅರ್ಥಿಂಗ್ ಇಲ್ಲ. ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಕಾರಣ ಅದೇ. 3.5 ಎಂಎಂ ಜ್ಯಾಕಿನ ಹೆಡ್‌ಸೆಟ್ ಬಿಟ್ಟು ಯುಎಸ್‌ಬಿಯದ್ದು ಹಾಕಿದಾಗ ಸದ್ದು ಹೋಯಿತು. ಅರ್ಥಿಂಗ್ ಮಾಡಿಸುವುದು ಸದ್ದಿಗಾಗಿ ಅಲ್ಲದಿದ್ದರೂ ಜೀವಕ್ಕಾಗಿ ಬೇಕು. ಮೈಕ್ ಬಾಯಿಯ ಎದುರಿಗಲ್ಲ, ತುಟಿಯ ಅಂಚಿನಿಂದ ಎರಡು ಬೆರಳು ದೂರ.

ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಯಾವ ನಾಯ್ಸ್ ಕ್ಯಾನ್ಸಲೇಷನ್ನೂ ಪೂರ್ತಿ ತೆಗೆಯುವುದಿಲ್ಲ, ತೆಗೆಯುವಾಗ ಮಾತನ್ನೂ ಕಚ್ಚಿಕೊಂಡು ಹೋಗುತ್ತದೆ. ಹೆಂಚಿನ ಕೆಳಗೆ ಮರದ ಮುಚ್ಚಿಗೆ ಇರುವ ಕೋಣೆಯನ್ನೇ ಆರಿಸಿಕೊಳ್ಳಬೇಕು.

ಜೋರು ಮಳೆಯ ಎರಡು ಸಂಜೆ ಮೋಡೆಮ್‌ನಲ್ಲಿ ಫೈಬರಿನ ಸಂಕೇತ ಸಿಗದಾಗ ಹೊತ್ತುವ ಲಾಸ್ ದೀಪ ಕೆಂಪಗೆ ಮಿನುಗಿತ್ತು. ಮೋಡೆಮ್ ಪುಟದಲ್ಲಿ ಬೆಳಕಿನ ಮಟ್ಟ ಮೈನಸ್ 27.8 ಡಿಬಿಎಂ ತೋರಿಸಿತು. ಮೈನಸ್ 27 ದಾಟಿದರೆ ಸಾಮಾನ್ಯ ಮೋಡೆಮ್‌ಗಳು ಲೈನ್ ಹಿಡಿಯಲು ಒದ್ದಾಡುತ್ತವೆ. ಕಿಟಕಿ ಚೌಕಟ್ಟಿನಲ್ಲಿ ಫೈಬರ್ ಮಡಚಿ ಮೊಳೆ ಹೊಡೆದಿದ್ದರು. ಆಪರೇಟರ್ ಬಂದು ಬಳಸು ಬಿಡಿಸಿ ಹೊಸ ಕನೆಕ್ಟರ್ ಹಾಕಿದ ಮೇಲೆ ಮೈನಸ್ 21. ನೆಟ್ ಸ್ಲೋ ಇದೆ ಅನ್ನುವುದಕ್ಕಿಂತ ಈ ಅಂಕಿ ಹೇಳಿದರೆ ಆಪರೇಟರ್ ಬೇಗ ಬರುತ್ತಾರೆ.

ಲೈನ್ ಕೆಟ್ಟಿದ್ದಾಗಲೂ ಕರೆ ನಡೆಸುವುದು

ದುರಸ್ತಿಗೆ ಮೂರು ವಾರ ಹಿಡಿಯಿತು, ಕರೆಗಳು ನಿಲ್ಲಲಿಲ್ಲ. ಒಡೆಯುವ ಲೈನಿನಲ್ಲಿ ಮೊದಲು ಕಳೆಯುವುದು ಪದದ ಮೊದಲ ಅಕ್ಷರ. ಹಾಗೆ ಕಳೆದಾಗ ಮೂರು, ನೂರು, ಆರು ಒಂದೇ ಆಗಿ ಕೇಳಿಸುತ್ತವೆ. ಆದ್ದರಿಂದ ಫೋನ್ ನಂಬರನ್ನು ಗ್ರಾಹಕರಿಂದ ಮತ್ತೆ ಕೇಳುವುದಕ್ಕಿಂತ ಏಜೆಂಟರೇ ಓದಿ ಹೇಳಿ ಹೂಂ ಅನ್ನಿಸಿಕೊಳ್ಳುವುದು ಒಳ್ಳೆಯದು, ಎರಡೆರಡು ಅಂಕಿಯಾಗಿ, ನಡುವೆ ಉಸಿರಿನಷ್ಟು ಬಿಡುವು ಕೊಟ್ಟು. ಮಾಡೆಲ್ ನಂಬರಿನ ಇಂಗ್ಲಿಷ್ ಅಕ್ಷರಗಳಿಗೆ ಊರಿನ ಹೆಸರು ಸೇರಿಸುವುದು: ಬಿ ಅಂದ್ರೆ ಬೆಂಗಳೂರು, ಡಿ ಅಂದ್ರೆ ದಾವಣಗೆರೆ, ಪಿ ಅಂದ್ರೆ ಪುತ್ತೂರು, ಟಿ ಅಂದ್ರೆ ತುಮಕೂರು, ಎಂ ಮೈಸೂರು, ಎನ್ ನಂಜನಗೂಡು. ಕಲಬುರಗಿಯವರಿಗೂ ಮಂಗಳೂರಿನವರಿಗೂ ಇದು ತಕ್ಷಣ ತಿಳಿಯುತ್ತದೆ. ಪರದೇಶದ ಪಟ್ಟಿಯಲ್ಲಿರುವ ಡೆಲ್ಟಾ, ಟ್ಯಾಂಗೊ ಹೇಳಿದರೆ ಇನ್ನೊಂದು ನಿಮಿಷ ವಿವರಣೆಗೆ ಹೋಗುತ್ತದೆ.

ಕರೆಯ ಮೊದಲ ನಿಮಿಷದಲ್ಲೇ "ಲೈನ್ ಕಟ್ ಆದ್ರೆ ಇದೇ ನಂಬರಿಗೆ ನಾವೇ ವಾಪಸ್ ಮಾಡ್ತೀವಿ ಸರ್" ಎಂದು ಹೇಳಿಬಿಡಬೇಕು, ನಂಬರನ್ನು ಸಿಸ್ಟಂನಲ್ಲಿ ಆಗಲೇ ಹಾಕಿಕೊಳ್ಳಬೇಕು. ಕಾಗದದಲ್ಲಿ ಬರೆಯುವಂತಿಲ್ಲ. ವಾಪಸ್ ಕರೆಗೆ ಕೆಲವೆಡೆ ಟೀಮ್ ಲೀಡರ್ ಅನುಮತಿ ಬೇಕು, ಅದನ್ನು ಶಿಫ್ಟಿನ ಆರಂಭದಲ್ಲೇ ಕೇಳಿಟ್ಟುಕೊಳ್ಳಬೇಕು. ಸ್ಕ್ರೀನ್ ತೆರೆದುಕೊಳ್ಳುವವರೆಗೆ ಮೌನವಾಗಿದ್ದರೆ ಗ್ರಾಹಕರು ಲೈನ್ ಹೋಯಿತೆಂದು ಇಟ್ಟುಬಿಡುತ್ತಾರೆ. ಏನು ಮಾಡುತ್ತಿದ್ದೇನೆಂದು ಹೇಳುತ್ತಲೇ ಇರಬೇಕು.

ಎರಡನೇ ಸಂಪರ್ಕವಾಗಿ ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಂಡರು. ಎರಡೂ ದಿಕ್ಕಿನ ದನಿಗೆ ಗಂಟೆಗೆ ಸುಮಾರು 80 ಎಂಬಿ, ಸಿಸ್ಟಂ ಪರದೆಗಳಿಗೆ ಬೇರೆ. ಫೋನನ್ನು ಕೋಣೆಯ ಒಳಗಲ್ಲ, ಸಿಗ್ನಲ್ ಚೆನ್ನಾಗಿರುವ ಕಿಟಕಿಯಲ್ಲಿಡಬೇಕು. ಫೈಬರ್‌ನಿಂದ ಹಾಟ್‌ಸ್ಪಾಟ್‌ಗೆ ಬದಲಿಸುವಾಗ ನಡೆಯುತ್ತಿರುವ ಕರೆ ಉಳಿಯುವುದಿಲ್ಲ, ವಿಪಿಎನ್ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಬದಲಾವಣೆ ಎರಡು ಕರೆಗಳ ನಡುವೆ, ನಾಟ್ ರೆಡಿಯಲ್ಲಿ.

ಪಿಐಪಿಗೆ ಕೊಟ್ಟ ಉತ್ತರ

ಏಜೆಂಟ್ ದಿನವೂ ಒಂದು ಹಾಳೆ ತುಂಬಿದರು: ದಿನಾಂಕ, ಹೊತ್ತು, ಕಾಲ್ ಐಡಿ, ಯಾರ ದನಿ ಒಡೆಯಿತು, ಆ ಹೊತ್ತಿನ ಪಿಂಗ್, ಕರೆಂಟ್ ಇತ್ತೇ, ಟಿಕೆಟ್ ನಂಬರ್. ಕರೆಂಟ್ ಹೋದಾಗ 1912ಕ್ಕೆ ದೂರು ಕೊಟ್ಟು ಅದರ ಸಂಖ್ಯೆಯನ್ನೂ ಸೇರಿಸಿದರು. ಲೈನ್ ಹೋದ ನಿಮಿಷಗಳನ್ನು ಬ್ರೇಕ್ ಕೋಡಿಗೆ ಹಾಕದೆ ಸಿಸ್ಟಂ ಇಷ್ಯೂ ಕೋಡಿಗೇ ಹಾಕಿದರು. ಬ್ರೇಕ್‌ಗೆ ಹಾಕಿ ಸುಮ್ಮನಾಗುವುದು ಎಷ್ಟೋ ಜನ ಮಾಡುವ ತಪ್ಪು, ತಿಂಗಳ ಕೊನೆಗೆ ಅದು ಶಿಸ್ತಿಲ್ಲದ ಲೆಕ್ಕವಾಗಿ ಕಾಣುತ್ತದೆ. ಎಎಚ್‌ಟಿಯ ಮೂರು ಭಾಗ, ಗಂಟೆವಾರು ಪಟ್ಟಿ, ಎರಡು ಚಾನೆಲ್‌ನಲ್ಲಿ ಕೇಳಿಸಿದ ಹತ್ತು ಕರೆಗಳ ವಿವರ, ಇಷ್ಟನ್ನು ಎರಡು ಪುಟದಲ್ಲಿ ಬರೆದು ಟೀಮ್ ಲೀಡರ್‌ಗೂ ಎಚ್‌ಆರ್‌ಗೂ ಇಮೇಲ್ ಮಾಡಿದರು. ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ.

ಆಗಸ್ಟ್ ಎರಡನೇ ವಾರಕ್ಕೆ ಎಎಚ್‌ಟಿ 6:35, ಸಂಜೆ ಮತ್ತು ಮಧ್ಯಾಹ್ನದ ಅಂತರ 20 ಸೆಕೆಂಡಿನೊಳಗೆ. ದಿನಕ್ಕೆ 45ರ ಸುಮಾರಿಗೆ ಇಳಿದಿದ್ದ ಕರೆಗಳ ಸಂಖ್ಯೆ 58 ಮುಟ್ಟಿತು. ರೇಟಿಂಗ್ 4.3. ಪಿಐಪಿ ಹಿಂಪಡೆದರು. ಆಲಿಸುವಿಕೆಗೆ ಕಳೆದ ಅಂಕಗಳನ್ನು ಮೂರು ಕರೆಗಳಲ್ಲಿ ಎರಡಕ್ಕೆ ವಾಪಸ್ ಕೊಟ್ಟರು. ಜುಲೈ ತಿಂಗಳ ಪ್ರೋತ್ಸಾಹಧನ ಮಾತ್ರ ಬರಲಿಲ್ಲ, ಅದು ಅನ್ಯಾಯವೆಂದೇ ನಮ್ಮ ನಿಲುವು.

ಕೇಬಲ್, ಪೈಪ್, ಅಡಾಪ್ಟರ್, ಮಿನಿ ಯುಪಿಎಸ್, ಹೆಡ್‌ಸೆಟ್ ಇವುಗಳಲ್ಲಿ ಕಂಪನಿ ಕೊಟ್ಟದ್ದು ಹೆಡ್‌ಸೆಟ್ ಒಂದನ್ನೇ. ಸಾಧನಗಳ ಖರ್ಚು ಯಾರದೆಂದು ಆಫರ್ ಲೆಟರ್‌ನಲ್ಲಿ ಏನೂ ಇರಲಿಲ್ಲ, ಹೊಸದಾಗಿ ಸೇರುವವರು ಸಹಿ ಹಾಕುವ ಮೊದಲು ಅದನ್ನು ಬರೆಸಿಕೊಳ್ಳಬೇಕು. ಫೈಬರ್ ಎರಡು ಮೂರು ದಿನ ಪೂರ್ತಿ ಕಡಿದುಹೋಗುವ ಸಂದರ್ಭಕ್ಕೆ ಒಂದು ಒಪ್ಪಂದವಾಯಿತು. ಹಾಟ್‌ಸ್ಪಾಟ್‌ನಲ್ಲಿ ದನಿ ನಿಲ್ಲದಿದ್ದರೆ ಆ ದಿನ ಚಾಟ್ ಮತ್ತು ಇಮೇಲ್ ಕ್ಯೂಗೆ ಹಾಕುತ್ತಾರೆ, ಅರ್ಧ ಸೆಕೆಂಡ್ ತಡವಾದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಬೇಕಾದ ಕನ್ನಡ ಟೈಪಿಂಗ್ ಮತ್ತು ಚಾಟ್ ತರಬೇತಿಯನ್ನು ಮಳೆಗಾಲ ಮುಗಿಯುವುದರೊಳಗೆ ಕೊಡಬೇಕೆಂದು ಟೀಮ್ ಲೀಡರ್ ಬರಹದಲ್ಲೇ ಒಪ್ಪಿಕೊಂಡಿದ್ದಾರೆ. ಕ್ವಾಲಿಟಿ ಫಾರ್ಮಿಗೆ ಲೈನಿನ ದಾಖಲೆಯ ಕಾಲಂ ಸೇರಿಸುವ ಬೇಡಿಕೆ ಇನ್ನೂ ಬಾಕಿ ಇದೆ.